ಇರಲಿ ಎನ್ನುವವರು, ಹೋಗಲಿ ಎನ್ನುವವರು

2024ರ ಏಪ್ರಿಲ್ 21, ಲಂಡನ್ನಿನ ವೆಂಬ್ಲಿ ಕ್ರೀಡಾಂಗಣ. ಎಫ್‌ಎ ಕಪ್ ಫುಟ್‌ಬಾಲ್ ಸೆಮಿಫೈನಲ್‌ನಲ್ಲಿ ಎಪ್ಪತ್ತು ನಿಮಿಷ ಕಳೆದಾಗ ಮ್ಯಾಂಚೆಸ್ಟರ್ ಯುನೈಟೆಡ್ ಮೂರು ಗೋಲುಗಳಿಂದ ಮುಂದಿತ್ತು. ಎದುರಾಳಿ ಕವೆಂಟ್ರಿ ಸಿಟಿ ಒಂದು ಮೆಟ್ಟಿಲು ಕೆಳಗಿನ ಲೀಗಿನ ತಂಡ. ಅಲ್ಲಿಂದ ಮುಂದೆ ಆಟ ತಲೆಕೆಳಗಾಯಿತು. ಎಲಿಸ್ ಸಿಮ್ಸ್ ಒಂದು ಗೋಲು ಹೊಡೆದರು, ಕ್ಯಾಲಮ್ ಒಹೇರ್ ಇನ್ನೊಂದು. ಆಟ ಮುಗಿಯಲು ಕ್ಷಣಗಳಿರುವಾಗ ಹಾಜಿ ರೈಟ್ ಪೆನಾಲ್ಟಿಯಲ್ಲಿ ಮೂರನೆಯದನ್ನೂ ಸೇರಿಸಿ ಸಮ ಮಾಡಿದರು. ಹೆಚ್ಚುವರಿ ಅವಧಿಯ ಕೊನೆಯಲ್ಲಿ ವಿಕ್ಟರ್ ಟಾರ್ಪ್ ಹೊಡೆದ ನಾಲ್ಕನೆಯ ಗೋಲಿಗೆ ಕವೆಂಟ್ರಿಯವರು ಕುಣಿದಾಡುತ್ತಿದ್ದಾಗ ವಿಡಿಯೊ ತೀರ್ಪು ಬಂತು: ಕೂದಲೆಳೆಯಷ್ಟು ಆಫ್‌ಸೈಡ್. ಪೆನಾಲ್ಟಿ ಶೂಟೌಟ್‌ನಲ್ಲಿ ಯುನೈಟೆಡ್ ಬಚಾವಾಯಿತು.

ಆ ಸಂಜೆ ಗೆರೆಯಾಚೆ ನಿಂತಿದ್ದ ಇಬ್ಬರು ಮ್ಯಾನೇಜರುಗಳ ಸ್ಥಿತಿ ಬೇರೆ ಬೇರೆಯಾಗಿತ್ತು. ಯುನೈಟೆಡ್‌ನ ಎರಿಕ್ ಟೆನ್ ಹಾಗ್ ಗೆದ್ದೂ ಸೋತವರಂತಿದ್ದರು, ಕವೆಂಟ್ರಿಯ ಮಾರ್ಕ್ ರಾಬಿನ್ಸ್ ಸೋತೂ ಗೆದ್ದವರಂತಿದ್ದರು. ಆದರೆ ಏಳು ತಿಂಗಳು ಕಳೆಯುವಷ್ಟರಲ್ಲಿ ಇಬ್ಬರಿಗೂ ಒಂದೇ ಗತಿ. ಅಕ್ಟೋಬರ್ 28ರಂದು ಟೆನ್ ಹಾಗ್ ವಜಾ, ಹತ್ತು ದಿನಗಳ ನಂತರ ನವೆಂಬರ್ 7ರಂದು ರಾಬಿನ್ಸ್ ವಜಾ.

ಸೋಲುತ್ತಿರುವ ತಂಡದ ಮ್ಯಾನೇಜರನ್ನು ಬದಲಿಸಬೇಕೇ, ಇಟ್ಟುಕೊಳ್ಳಬೇಕೇ? ಇಂಗ್ಲೆಂಡಿನ ಪಬ್ಬುಗಳಲ್ಲಿ, ಕ್ರೀಡಾಂಗಣಕ್ಕೆ ಹೋಗುವ ರೈಲುಗಳಲ್ಲಿ, ಅಪ್ಪ ಮಕ್ಕಳ ಊಟದ ಮೇಜಿನಲ್ಲಿ ಇದಕ್ಕಿಂತ ಹಳೆಯ ಜಗಳವಿಲ್ಲ. ಈ ಜಗಳಕ್ಕೆ ರಾಬಿನ್ಸ್ ಬದುಕಿನಷ್ಟು ಹೊಂದುವ ಕಥೆಯೂ ಇನ್ನೊಂದಿಲ್ಲ. ಏಕೆಂದರೆ 'ಸ್ವಲ್ಪ ತಾಳಿ' ಎನ್ನುವ ಅಭಿಮಾನಿಗಳು ಮೂರು ದಶಕಗಳಿಂದ ಉದಾಹರಣೆಯಾಗಿ ಕೊಡುತ್ತ ಬಂದಿರುವ ಗೋಲನ್ನು ಹೊಡೆದವರು ಅವರೇ.

ಒಂದು ತಲೆಗೋಲು, ಒಂದು ದಂತಕಥೆ

1989ರ ಚಳಿಗಾಲದಲ್ಲಿ ಯುನೈಟೆಡ್ ತಂಡದ ಪಾಡು ನೋಡುವಂತಿರಲಿಲ್ಲ. ಅಲೆಕ್ಸ್ ಫರ್ಗ್ಯುಸನ್ ಬಂದು ಮೂರು ವರ್ಷ ಕಳೆದಿತ್ತು, ಒಂದು ಕಪ್ಪೂ ಬಂದಿರಲಿಲ್ಲ. ಸೆಪ್ಟೆಂಬರಿನಲ್ಲಿ ಅದೇ ಊರಿನ ಮ್ಯಾಂಚೆಸ್ಟರ್ ಸಿಟಿ 5-1ರಿಂದ ಬಡಿದಿತ್ತು. ಡಿಸೆಂಬರಿನಲ್ಲಿ ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧದ ಪಂದ್ಯಕ್ಕೆ ಅಭಿಮಾನಿಯೊಬ್ಬ ಓಲ್ಡ್ ಟ್ರಾಫರ್ಡ್‌ಗೆ ಬ್ಯಾನರ್ ತಂದು ಬಿಡಿಸಿ ಹಿಡಿದ. ಮೂರು ವರ್ಷದಿಂದ ಬರೀ ನೆಪ ಕೇಳಿ ಸಾಕಾಗಿದೆ, ಫರ್ಗಿ, ಹೋಗಿ ಬನ್ನಿ ಎಂಬುದು ಅದರ ತಾತ್ಪರ್ಯ. ಅಂದೂ ತಂಡ ಸೋತಿತು.

1990ರ ಜನವರಿ 7ರಂದು ಎಫ್‌ಎ ಕಪ್ಪಿನ ಮೂರನೇ ಸುತ್ತಿಗೆ ಯುನೈಟೆಡ್ ನಾಟಿಂಗ್‌ಹ್ಯಾಮ್‌ಗೆ ಹೋದಾಗ ಎಂಟು ಲೀಗ್ ಪಂದ್ಯಗಳಿಂದ ಗೆಲುವಿನ ಮುಖ ಕಂಡಿರಲಿಲ್ಲ. ಇಲ್ಲಿ ಸೋತರೆ ಫರ್ಗ್ಯುಸನ್ ಕಥೆ ಮುಗಿಯಿತೆಂದು ಪತ್ರಿಕೆಗಳು ಬರೆದಿದ್ದವು. ಮಾರ್ಕ್ ಹ್ಯೂಸ್ ಕಾಲಿನ ಹೊರಬದಿಯಿಂದ ತಿರುಗಿಸಿ ಕಳಿಸಿದ ಚೆಂಡಿಗೆ ಇಪ್ಪತ್ತರ ಹುಡುಗ ರಾಬಿನ್ಸ್ ತಲೆ ಕೊಟ್ಟ. 1-0. ಆ ಸಲ ಲೀಗಿನಲ್ಲಿ 13ನೇ ಸ್ಥಾನಕ್ಕೆ ಕುಸಿದರೂ ಮೇ ತಿಂಗಳಲ್ಲಿ ಎಫ್‌ಎ ಕಪ್ ಕೈಗೆ ಬಂತು. 1993ರಲ್ಲಿ, 26 ವರ್ಷಗಳ ನಂತರ, ಲೀಗ್ ಪ್ರಶಸ್ತಿಯೂ ಬಂತು. 2013ರಲ್ಲಿ ಫರ್ಗ್ಯುಸನ್ ನಿವೃತ್ತರಾದಾಗ ಕ್ಲಬ್ಬಿಗೆ ಅವರು ತಂದುಕೊಟ್ಟ ಟ್ರೋಫಿಗಳ ಸಂಖ್ಯೆ 38.

ತಾಳಿದವನು ಬಾಳಿಯಾನು ಎಂಬ ಮಾತಿಗೆ ಫುಟ್‌ಬಾಲ್ ಜಗತ್ತು ಕಂಡುಕೊಂಡ ದೃಷ್ಟಾಂತ ಇದು. ಆದರೆ ಕಥೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ವಿವರವಿದೆ. ಅಂದು ಸೋತಿದ್ದರೂ ಫರ್ಗ್ಯುಸನ್ ಅವರನ್ನು ತೆಗೆಯುತ್ತಿರಲಿಲ್ಲ ಎಂದು ಆಗಿನ ಅಧ್ಯಕ್ಷ ಮಾರ್ಟಿನ್ ಎಡ್ವರ್ಡ್ಸ್ ಮುಂದೆ ಹಲವು ಬಾರಿ ಹೇಳಿದ್ದಾರೆ. ಕಿರಿಯರ ತಂಡಗಳನ್ನು ಫರ್ಗ್ಯುಸನ್ ಹೊಸದಾಗಿ ಕಟ್ಟುತ್ತಿದ್ದುದು, ಊರೂರು ಸುತ್ತಿ ಹುಡುಗರನ್ನು ಹುಡುಕುವ ಜಾಲ ಹೆಣೆಯುತ್ತಿದ್ದುದು ಒಳಗಿದ್ದವರಿಗೆ ಕಾಣುತ್ತಿತ್ತು. ಬ್ಯಾನರ್ ಹಿಡಿದವನಿಗೆ ಕಾಣುತ್ತಿದ್ದುದು ಶನಿವಾರದ ಫಲಿತಾಂಶ ಮಾತ್ರ. ಅದು ಅವನ ತಪ್ಪೂ ಅಲ್ಲ.

ಹೊಣೆ ಒಬ್ಬನ ತಲೆಗೇ ಏಕೆ?

ಕ್ರಿಕೆಟ್ ನೋಡಿ ಬೆಳೆದ ನಮಗೆ ಇಲ್ಲೊಂದು ವ್ಯತ್ಯಾಸ ಗೊತ್ತಿರಬೇಕು. ಕ್ರಿಕೆಟ್ಟಿನಲ್ಲಿ ಮೈದಾನದ ನಿರ್ಧಾರ ಕ್ಯಾಪ್ಟನ್ನಿನದು, ಕೋಚ್ ಹಿಂದೆ ನಿಲ್ಲುತ್ತಾರೆ. ಫುಟ್‌ಬಾಲಿನಲ್ಲಿ ಹನ್ನೊಂದು ಜನರ ಆಯ್ಕೆ, ಆಟದ ಪದ್ಧತಿ, ಯಾರನ್ನು ಯಾವಾಗ ಬದಲಿಸಬೇಕು ಎಂಬುದೆಲ್ಲ ಮ್ಯಾನೇಜರ್ ಕೈಯಲ್ಲಿ. ಗೆದ್ದರೆ ಹೂಮಾಲೆ, ಸೋತರೆ ಬೈಗುಳ ಎರಡೂ ಅವರಿಗೇ.

ತಂಡ ನೆಲ ಕಚ್ಚಿದಾಗ ಇಪ್ಪತ್ತೈದು ಆಟಗಾರರನ್ನು ಒಟ್ಟಿಗೆ ಹೊರಹಾಕಲಾಗದು. ಅವರ ಒಪ್ಪಂದಗಳು ವರ್ಷಗಟ್ಟಲೆ ಇರುತ್ತವೆ. ಆಟಗಾರರನ್ನು ಕೊಳ್ಳುವ ಮಾರುವ ಬಾಗಿಲು ತೆರೆಯುವುದು ಬೇಸಿಗೆಯಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ. ಮಾಲೀಕ ತನ್ನನ್ನು ತಾನೇ ವಜಾ ಮಾಡಿಕೊಳ್ಳುವುದಿಲ್ಲ. ಇಪ್ಪತ್ತು ತಂಡಗಳ ಪ್ರೀಮಿಯರ್ ಲೀಗಿನಲ್ಲಿ ಕೊನೆಯ ಮೂರು ತಂಡಗಳು ಕೆಳಗಿನ ಲೀಗಿಗೆ ಇಳಿಯಬೇಕು. ಇಳಿದರೆ ಟಿವಿ ಪ್ರಸಾರದಿಂದ ಬರುವ ಹಣ ಥಟ್ಟನೆ ಕುಸಿಯುತ್ತದೆ. ಈ ಭಯದಲ್ಲಿ ಅರ್ಧ ಹಾದಿಯಲ್ಲೂ ಬದಲಿಸಬಹುದಾದದ್ದು ಒಂದೇ ಕುರ್ಚಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಎಷ್ಟೋ ಸಲ ಕಾಣುವುದು ಅದಕ್ಕೇ.

ಬರೆ ಎಳೆದರೆ ಜ್ವರ ಬಿಡುತ್ತದೆಯೇ? ಇದನ್ನು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದ್ದಾರೆ. ನೆದರ್ಲೆಂಡ್ಸ್‌ನ ಬಾಸ್ ಟೆರ್ ವೀಲ್ ತಮ್ಮ ದೇಶದ ಲೀಗಿನ 1986ರಿಂದ 2004ರವರೆಗಿನ ಫಲಿತಾಂಶಗಳನ್ನು ಜಾಲಾಡಿದರು. ಮ್ಯಾನೇಜರನ್ನು ಕಳಿಸಿದ ತಂಡಗಳು ಮುಂದಿನ ಪಂದ್ಯಗಳಲ್ಲಿ ಚೇತರಿಸಿಕೊಂಡದ್ದು ನಿಜ. ಆದರೆ ಅಷ್ಟೇ ಕೆಟ್ಟದಾಗಿ ಸೋತು, ಹಳಬರನ್ನೇ ಉಳಿಸಿಕೊಂಡ ತಂಡಗಳೂ ಹೆಚ್ಚುಕಡಿಮೆ ಅಷ್ಟೇ ಬೇಗ ಚೇತರಿಸಿಕೊಂಡಿದ್ದವು. ಜರ್ಮನಿಯ ಬುಂಡೆಸ್‌ಲಿಗಾ ಕುರಿತು 2011ರಲ್ಲಿ ಪ್ರಕಟವಾದ ಅಧ್ಯಯನವೂ ಇದೇ ತೀರ್ಮಾನಕ್ಕೆ ಬಂದಿತು.

ಕಾರಣ ಸರಳ. ತಂಡವೊಂದು ತನ್ನ ಶಕ್ತಿಗೆ ತಕ್ಕಂತೆ ಆಡುತ್ತಿದ್ದರೂ ಕೆಲವು ವಾರ ಚೆಂಡು ಕಂಬಕ್ಕೆ ಬಡಿಯುತ್ತದೆ, ಒಳ್ಳೆಯ ಆಟಗಾರ ಮಂಡಿ ಹಿಡಿದು ಕೂರುತ್ತಾನೆ, ತೀರ್ಪುಗಳು ತಿರುಗುತ್ತವೆ. ವಜಾ ಆಗುವುದು ಇಂಥ ದೆಸೆಯ ತೀರಾ ತಳದಲ್ಲಿ. ತಳ ಮುಟ್ಟಿದ ಮೇಲೆ ಉಳಿದಿರುವ ದಾರಿ ಮೇಲಕ್ಕೇ. ನೆಗಡಿ ಔಷಧಿ ತೆಗೆದುಕೊಂಡರೆ ಏಳು ದಿನಕ್ಕೆ, ಇಲ್ಲದಿದ್ದರೆ ಒಂದು ವಾರಕ್ಕೆ ವಾಸಿಯಾಗುತ್ತದೆ ಎಂದು ಹಿರಿಯರು ಹೇಳುತ್ತಾರಲ್ಲ, ಹಾಗೆ. ಹೊಸಬರು ಬಂದ ವಾರವೇ ತಂಡ ಗೆದ್ದರೆ ಜನ ಅವರನ್ನು ಹೊಗಳುತ್ತಾರೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗಿತ್ತೇ ಎಂದು ನೋಡುವ ವ್ಯವಧಾನ ಆಗ ಯಾರಿಗೂ ಇರುವುದಿಲ್ಲ.

ಲೆಸ್ಟರ್ ಸಿಟಿಯ ಪ್ರಸಂಗ ಇದಕ್ಕೆ ಸಾಕ್ಷಿ. 2016ರಲ್ಲಿ ಜಗತ್ತೇ ಬೆರಗಾಗುವಂತೆ ಲೀಗ್ ಗೆದ್ದುಕೊಟ್ಟ ಕ್ಲಾಡಿಯೊ ರನಿಯೆರಿ ಅವರನ್ನು ಒಂಬತ್ತು ತಿಂಗಳಿಗೆ, 2017ರ ಫೆಬ್ರುವರಿಯಲ್ಲಿ, ಕ್ಲಬ್ ಮನೆಗೆ ಕಳಿಸಿತು. ಸಹಾಯಕ ಕ್ರೇಗ್ ಶೇಕ್ಸ್‌ಪಿಯರ್ ಪಟ್ಟಕ್ಕೆ ಬಂದು ಮೊದಲ ಐದು ಲೀಗ್ ಪಂದ್ಯಗಳನ್ನೂ ಗೆದ್ದರು. ಲೆಸ್ಟರ್ ಕೆಳಗಿಳಿಯದೆ 12ನೇ ಸ್ಥಾನದಲ್ಲಿ ಉಳಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಶೇಕ್ಸ್‌ಪಿಯರ್ ಕೂಡ ವಜಾ ಆದರು.

ಆಕಾಶದಲ್ಲಿ ಎರಡು ವಿಮಾನ

ಅಂಕಿಅಂಶ ಏನೇ ಹೇಳಲಿ, ಅಭಿಮಾನಿಯ ಸಂಕಟ ಸುಳ್ಳಲ್ಲ. ಬಾರ್ಸಿಲೋನಾದಂಥ ಕ್ಲಬ್ಬುಗಳಲ್ಲಿ ಸದಸ್ಯರೇ ಮತ ಹಾಕಿ ಅಧ್ಯಕ್ಷರನ್ನು ಆರಿಸುತ್ತಾರೆ. ಇಂಗ್ಲೆಂಡಿನ ದೊಡ್ಡ ಕ್ಲಬ್ಬುಗಳ ಅಭಿಮಾನಿಗೆ ಆ ಮತವಿಲ್ಲ. ಅವನಿಗೆ ಉಳಿದಿರುವುದು ಗಂಟಲು, ಬ್ಯಾನರ್, ಖಾಲಿ ಬಿಟ್ಟ ಆಸನ.

ಕೆಲವೊಮ್ಮೆ ವಿಮಾನ ಕೂಡ. 2017ರ ಮಾರ್ಚ್‌ನಲ್ಲಿ ವೆಸ್ಟ್ ಬ್ರಾಮ್‌ವಿಚ್‌ನಲ್ಲಿ ಆರ್ಸೆನಲ್ ಆಡುತ್ತಿದ್ದಾಗ ಮೇಲೆ ಸಣ್ಣ ವಿಮಾನವೊಂದು ಬ್ಯಾನರ್ ಎಳೆದುಕೊಂಡು ಹಾರಿತು. ಆರ್ಸೆನ್ ವೆಂಗರ್‌ಗೆ ಹೊಸ ಒಪ್ಪಂದ ಬೇಡ, ಅವರು ಹೋಗಲಿ ಎಂದಿತ್ತು ಅದರಲ್ಲಿ. ಸ್ವಲ್ಪ ಹೊತ್ತಿಗೆ ಇನ್ನೊಂದು ವಿಮಾನ ಬಂತು. ವೆಂಗರ್ ಮೇಲೆ ನಮಗೆ ನಂಬಿಕೆಯಿದೆ ಎಂದಿತ್ತು ಅದರ ಹಿಂದಿನ ಬ್ಯಾನರ್. ಕೆಳಗೆ ಆರ್ಸೆನಲ್ 3-1ರಿಂದ ಸೋಲುತ್ತಿತ್ತು.

ಎರಡೂ ವಿಮಾನಗಳಿಗೆ ಹಣ ಕೊಟ್ಟವರು ಒಂದೇ ತಂಡದ ಅಭಿಮಾನಿಗಳು, ಇಬ್ಬರ ಮಾತಿನಲ್ಲೂ ಹುರುಳಿತ್ತು. 2003-04ರಲ್ಲಿ ಒಂದೂ ಪಂದ್ಯ ಸೋಲದೆ ಲೀಗ್ ಗೆದ್ದು ಕೊಟ್ಟವರು, ಹೊಸ ಕ್ರೀಡಾಂಗಣದ ಸಾಲ ತೀರಿಸುವ ವರ್ಷಗಳಲ್ಲಿ ಇದ್ದುದರಲ್ಲೇ ತಂಡವನ್ನು ಮೇಲಿನ ನಾಲ್ಕರಲ್ಲಿ ಇಟ್ಟವರು ವೆಂಗರ್ ಎಂಬುದು ಒಂದು ಪಕ್ಷ. 2004ರ ನಂತರ ಲೀಗ್ ಬಂದಿರಲಿಲ್ಲ, ಬಯರ್ನ್ ಮ್ಯೂನಿಕ್ ಎರಡು ಪಂದ್ಯ ಸೇರಿ 10-2ರಿಂದ ಸದೆಬಡಿದದ್ದು ಆಗಷ್ಟೇ ಎಂಬುದು ಇನ್ನೊಂದು ಪಕ್ಷ. ಒಬ್ಬರು ಋಣದ ಲೆಕ್ಕ ಇಟ್ಟಿದ್ದರು, ಇನ್ನೊಬ್ಬರು ನಾಳೆಯ ಲೆಕ್ಕ. ಕ್ಲಬ್ ಒಂದು ವರ್ಷ ಆಚೀಚೆ ತೂಗಿ, 2018ರಲ್ಲಿ 22 ವರ್ಷಗಳ ಆ ಅಧ್ಯಾಯವನ್ನು ಮುಗಿಸಿತು.

ಮುಂದೆ ನಡೆದದ್ದು ಎರಡೂ ಪಕ್ಷದವರನ್ನು ಯೋಚಿಸುವಂತೆ ಮಾಡುತ್ತದೆ. ವೆಂಗರ್ ನಂತರ ಬಂದ ಉನಾಯ್ ಎಮೆರಿ ಅವರನ್ನು ಆರ್ಸೆನಲ್ 2019ರ ನವೆಂಬರಿನಲ್ಲಿ ತೆಗೆದುಹಾಕಿತು. ಅವರ ಜಾಗಕ್ಕೆ ಬಂದ ಮಿಕೆಲ್ ಆರ್ಟೆಟಾ ಎರಡು ಸೀಸನ್ ಎಂಟನೇ ಸ್ಥಾನದಲ್ಲಿ ಮುಗಿಸಿ, 2021ರ ಆಗಸ್ಟ್‌ನಲ್ಲಿ ಮೊದಲ ಮೂರು ಪಂದ್ಯಗಳಲ್ಲಿ ಒಂದೂ ಗೋಲು ಹೊಡೆಯದೆ ಒಂಬತ್ತು ಬಿಟ್ಟುಕೊಟ್ಟು ಪಟ್ಟಿಯ ಕಟ್ಟಕಡೆಗೆ ಬಿದ್ದರು. ಕೂಗು ಜೋರಾಗಿತ್ತು. ಕ್ಲಬ್ ಮಾತ್ರ ಕದಲಲಿಲ್ಲ. ಹಳಬರನ್ನು ಕಳಿಸಿ, ಬುಕಾಯೊ ಸಾಕಾ, ಮಾರ್ಟಿನ್ ಓಡಗಾರ್ಡ್ ಅವರಂಥ ಎಳೆಯರ ಸುತ್ತ ತಂಡ ಕಟ್ಟುವ ಕೆಲಸ ಅರ್ಧದಲ್ಲಿದೆ ಎಂಬುದು ಅವರಿಗೆ ಗೊತ್ತಿತ್ತು. ಆ ಸೀಸನ್ ಐದನೇ ಸ್ಥಾನ, ನಂತರದ ಮೂರೂ ವರ್ಷ ಎರಡನೇ ಸ್ಥಾನ.

ಹಾಗಾದರೆ ತಾಳ್ಮೆಯೇ ಮದ್ದೆಂದು ಹೇಳಿಬಿಡಬಹುದೇ? 2022ರ ಅಕ್ಟೋಬರಿನಲ್ಲಿ ಆಸ್ಟನ್ ವಿಲಾ 17ನೇ ಸ್ಥಾನದಲ್ಲಿದ್ದಾಗ ಸ್ಟೀವನ್ ಜೆರಾರ್ಡ್ ಅವರನ್ನು ಕಳಿಸಿ ಕರೆತಂದದ್ದು ಆರ್ಸೆನಲ್ ಬೇಡವೆಂದ ಇದೇ ಎಮೆರಿಯನ್ನು. ವಿಲಾ ಆ ಸೀಸನ್ನನ್ನು ಏಳನೇ ಸ್ಥಾನದಲ್ಲಿ, ಮರುವರ್ಷ ನಾಲ್ಕನೇ ಸ್ಥಾನದಲ್ಲಿ ಮುಗಿಸಿತು. ನಾಲ್ಕು ದಶಕಗಳ ನಂತರ ಯುರೋಪಿನ ಅತಿ ದೊಡ್ಡ ಕ್ಲಬ್ ಟೂರ್ನಿಗೆ ಮರಳಿತು. ವಿಲಾ ಇನ್ನೂ ಸ್ವಲ್ಪ ತಾಳಿದ್ದರೆ ಈ ಭಾಗ್ಯ ಬೇರೆ ಊರಿನದಾಗುತ್ತಿತ್ತು.

ಯುರೋಪಿನ ಟೂರ್ನಿಗಳನ್ನು ಗೆದ್ದು ಪಳಗಿದ ಎಮೆರಿ ಆಗ ಸಿಗುತ್ತಿದ್ದರು, ವಿಲಾಗೆ ಅವರೇ ಬೇಕಾಗಿದ್ದರು. ಆರ್ಟೆಟಾ ಏನು ಕಟ್ಟುತ್ತಿದ್ದಾರೆ ಎಂಬುದು ಆರ್ಸೆನಲ್‌ಗೆ ಕಂಡಿತ್ತು. ಒಬ್ಬರು ಉಳಿಸಿಕೊಂಡು, ಒಬ್ಬರು ಬದಲಿಸಿ ಗೆದ್ದರು. ಇಬ್ಬರಿಗೂ ಮುಂದಿನ ಹೆಜ್ಜೆ ಗೊತ್ತಿತ್ತು. 'ಇವರು ಹೋಗಲಿ' ಎಂದು ಕೂಗುವಾಗ ಕೇಳಿಕೊಳ್ಳಬೇಕಾದ 'ಬರುವವರು ಯಾರು, ಏನು ಮಾಡಲು?' ಎಂಬ ಪ್ರಶ್ನೆ ಎಷ್ಟೋ ಸಲ ಮಾಲೀಕರ ಕೋಣೆಯಲ್ಲೂ ಕೇಳಿಬರುವುದಿಲ್ಲ.

ಕಪ್ ಗೆದ್ದವರನ್ನೂ ಕಳಿಸಬಹುದೇ?

ಉತ್ತರ ಲಂಡನ್ನಿನ ಟಾಟನ್‌ಹ್ಯಾಮ್ ಅಭಿಮಾನಿಗಳಿಗೆ 2025ರಲ್ಲಿ ಎದುರಾದದ್ದು ಇನ್ನೂ ಜಟಿಲ. ಮ್ಯಾನೇಜರ್ ಆಂಜ್ ಪೊಸ್ಟೆಕೊಗ್ಲು ಲೀಗಿನಲ್ಲಿ 22 ಪಂದ್ಯ ಸೋತು ತಂಡವನ್ನು 17ನೇ ಸ್ಥಾನಕ್ಕೆ ಇಳಿಸಿದ್ದರು. ಇನ್ನೊಂದು ಸ್ಥಾನ ಜಾರಿದ್ದರೆ ಕೆಳಗಿನ ಲೀಗು. ಅದೇ ಮನುಷ್ಯ ಮೇ 21ರಂದು ಬಿಲ್ಬಾವೊದಲ್ಲಿ ಯುನೈಟೆಡ್ ತಂಡವನ್ನು 1-0ರಿಂದ ಮಣಿಸಿ ಯುರೋಪಾ ಲೀಗ್ ಕಪ್ ಎತ್ತಿದರು. 2008ರಿಂದ ಒಂದು ಕಪ್ಪನ್ನೂ ಕಾಣದ ಊರು ಬೀದಿಗಿಳಿದು ಕುಣಿಯಿತು. ಹದಿನಾರು ದಿನಗಳ ನಂತರ, ಜೂನ್ 6ರಂದು, ಅವರನ್ನು ತೆಗೆದುಹಾಕಲಾಯಿತು.

ಮೂವತ್ತೆಂಟು ಪಂದ್ಯಗಳ ಲೀಗ್ ಸುಳ್ಳು ಹೇಳುವುದಿಲ್ಲ ಎಂದವರು ಹಲವರು. ಅಪ್ಪನಿಗೆ ಸಿಗದ ಸಂತೋಷವನ್ನು ಮಗನಿಗೆ ಕೊಟ್ಟವರನ್ನು ಹೀಗೆ ಕಳಿಸುವುದೇ ಎಂದು ನೊಂದವರೂ ಅಷ್ಟೇ ಮಂದಿ. ತಂಡ ಇರುವುದು ಅಂಕಗಳಿಗಾಗಿಯೋ, ಇಂಥ ಒಂದು ರಾತ್ರಿಗಾಗಿಯೋ ಎಂಬುದು ಲೆಕ್ಕದ ಪುಸ್ತಕದಲ್ಲಿ ಬಗೆಹರಿಯುವ ಮಾತಲ್ಲ.

ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ ನಿಂತು ಕೂಗುವ ವೆಸ್ಟ್ ಬ್ಲಾಕ್ ಬ್ಲೂಸ್ ಬಳಗಕ್ಕೂ ಈ ತಳಮಳ ಹೊಸದಲ್ಲ. 2022-23ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಟೂರ್ನಿಯ ಮೊದಲರ್ಧದಲ್ಲಿ ಬೆಂಗಳೂರು ಎಫ್‌ಸಿ ಸೋಲಿನ ಮೇಲೆ ಸೋಲು ಕಂಡರೂ ಕ್ಲಬ್ ಇಂಗ್ಲೆಂಡಿನ ಕೋಚ್ ಸೈಮನ್ ಗ್ರೇಸನ್ ಅವರನ್ನು ಉಳಿಸಿಕೊಂಡಿತು. ತಂಡ ಲೀಗ್ ಹಂತದ ಕೊನೆಯ ಎಂಟು ಪಂದ್ಯಗಳನ್ನು ಸಾಲಾಗಿ ಗೆದ್ದು, ಫೈನಲ್ ತಲುಪಿ, ಪೆನಾಲ್ಟಿಯಲ್ಲಿ ಸೋತಿತು. ಮರುಸೀಸನ್ನಿನಲ್ಲಿ ಮತ್ತೆ ಕುಸಿದಾಗ, 2023ರ ಡಿಸೆಂಬರಿನಲ್ಲಿ, ಗ್ರೇಸನ್ ಅವರನ್ನು ಕಳಿಸಲಾಯಿತು. ಸ್ಪೇನಿನ ಜೆರಾರ್ಡ್ ಝರಗೋಝಾ ಬಂದರೂ ಆ ಸಲ ಹತ್ತನೇ ಸ್ಥಾನವೇ ಗತಿ. ಆದರೆ 2025ರಲ್ಲಿ ಅವರು ತಂಡವನ್ನು ಫೈನಲ್‌ಗೆ ಕರೆದೊಯ್ದರು. ಐಎಸ್‌ಎಲ್‌ನಲ್ಲಿ ಕೆಳಗಿನ ಲೀಗಿಗೆ ಇಳಿಯುವ ಭಯವಿರಲಿಲ್ಲ. ಇಂಗ್ಲೆಂಡಿನ ಕ್ಲಬ್ಬುಗಳಿಗೆ ಆ ಒಂದು ವರ್ಷದ ಬಿಡುವು ಸಿಗುವುದಿಲ್ಲ.

ಹತ್ತು ದಿನದ ಅಂತರ, ಎರಡು ದಾರಿ

ಮತ್ತೆ ವೆಂಬ್ಲಿಯ ಆ ಇಬ್ಬರ ಕಡೆಗೆ ಬರೋಣ.

ಸೆಮಿಫೈನಲ್‌ನ ಗಂಡಾಂತರದಿಂದ ಪಾರಾದ ಟೆನ್ ಹಾಗ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನೇ ಸೋಲಿಸಿ ಕಪ್ ಗೆದ್ದರು. ಲೀಗಿನಲ್ಲಿ ಎಂಟನೇ ಸ್ಥಾನಕ್ಕೆ ಇಳಿದಿದ್ದ ಕ್ಲಬ್ ಕಪ್ಪಿನ ಹೊಳಪಿಗೆ ಮನಸೋತು ಜುಲೈನಲ್ಲಿ ಅವರ ಒಪ್ಪಂದವನ್ನು 2026ರವರೆಗೆ ವಿಸ್ತರಿಸಿತು. ನಾಲ್ಕೇ ತಿಂಗಳಲ್ಲಿ ಮನಸ್ಸು ಬದಲಾಯಿತು. ಅವರಿಗೂ ಅವರ ಸಹಾಯಕರಿಗೂ ಕೊಡಬೇಕಾಗಿ ಬಂದ ಪರಿಹಾರ ಒಂದು ಕೋಟಿ ಪೌಂಡಿಗೂ ಹೆಚ್ಚು. ಹೊಸಬರಾದ ರೂಬೆನ್ ಅಮೊರಿಮ್ ಅವರನ್ನು ಬಿಡಿಸಿಕೊಂಡು ಬರಲು ಲಿಸ್ಬನ್ನಿನ ಸ್ಪೋರ್ಟಿಂಗ್ ಕ್ಲಬ್ಬಿಗೆ ತೆತ್ತದ್ದು 1.1 ಕೋಟಿ ಯೂರೋ. ಅದೇ ಚಳಿಗಾಲದಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಉಳಿದ ಪಂದ್ಯಗಳ ಟಿಕೆಟ್ಟುಗಳಿಗೆ ಮಕ್ಕಳು, ವೃದ್ಧರಿಗೂ ರಿಯಾಯಿತಿಯಿಲ್ಲದ 66 ಪೌಂಡ್ ದರ ನಿಗದಿಯಾಯಿತು. ಮ್ಯಾನೇಜರ್ ಯಾರಾದರೂ ಇರಲಿ, ಟಿಕೆಟ್ ಕೊಳ್ಳುವ ಅಭಿಮಾನಿ ಅವನೇ.

ಅಮೊರಿಮ್ ಮೂವರು ರಕ್ಷಕರನ್ನು ಹಿಂದೆ ನಿಲ್ಲಿಸಿ ಆಡಿಸುವವರು. ಕೈಗೆ ಸಿಕ್ಕಿದ್ದು ಬೇರೆ ಪದ್ಧತಿಗೆ ಕಟ್ಟಿದ ತಂಡ, ಅದೂ ಸೀಸನ್ನಿನ ನಡುವೆ. ಟೆನ್ ಹಾಗ್ ಒಂಬತ್ತು ಲೀಗ್ ಪಂದ್ಯಗಳಲ್ಲಿ 11 ಅಂಕ ಗಳಿಸಿ ಮನೆಗೆ ಹೋಗಿದ್ದರು. ಅಮೊರಿಮ್ ಆ ಸೀಸನ್ನಿನ 27 ಪಂದ್ಯಗಳಲ್ಲಿ ಗಳಿಸಿದ್ದು 27. ಯುನೈಟೆಡ್ 15ನೇ ಸ್ಥಾನಕ್ಕೆ ಬಿತ್ತು. 1974ರಲ್ಲಿ ಕೆಳಗಿನ ಲೀಗಿಗೆ ಇಳಿದ ಮೇಲೆ ಕ್ಲಬ್ ಕಂಡ ಅತ್ಯಂತ ಕೆಟ್ಟ ಸ್ಥಾನ ಅದು.

ಕವೆಂಟ್ರಿಯಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. 2017ರಲ್ಲಿ ರಾಬಿನ್ಸ್ ಎರಡನೇ ಬಾರಿ ಅಲ್ಲಿಗೆ ಬಂದಾಗ ತಂಡ ನಾಲ್ಕನೇ ಹಂತದ ಲೀಗಿಗೆ ಜಾರುತ್ತಿತ್ತು. ಎರಡು ಸೀಸನ್ ಸ್ವಂತ ಊರಿನಲ್ಲಿ ಆಡಲಾಗದೆ ಬರ್ಮಿಂಗ್‌ಹ್ಯಾಮ್‌ನ ಮೈದಾನವನ್ನು ಹಂಚಿಕೊಳ್ಳಬೇಕಾಯಿತು. ಅಂಥ ತಂಡವನ್ನು ಎರಡು ಮೆಟ್ಟಿಲು ಏರಿಸಿ, 2023ರಲ್ಲಿ ಪ್ರೀಮಿಯರ್ ಲೀಗಿನ ಹೊಸ್ತಿಲಿಗೆ ತಂದು ನಿಲ್ಲಿಸಿದ್ದರು. ಅಂದೂ ಪೆನಾಲ್ಟಿಯಲ್ಲೇ ಕೈತಪ್ಪಿತ್ತು. ಅವರನ್ನು 17ನೇ ಸ್ಥಾನದಲ್ಲಿದ್ದಾಗ ಕಳಿಸಿದ ಸುದ್ದಿ ಕೇಳಿ ಊರು ದಂಗಾಯಿತು. ಆದರೆ ಅವರ ಜಾಗಕ್ಕೆ ಬಂದ ಫ್ರಾಂಕ್ ಲ್ಯಾಂಪಾರ್ಡ್ ಅದೇ ತಂಡವನ್ನು ಐದನೇ ಸ್ಥಾನಕ್ಕೆ ಏರಿಸಿ, ಮೇಲಿನ ಲೀಗಿಗೆ ಏರಲು ಆಡುವ ಪ್ಲೇಆಫ್‌ಗೆ ಒಯ್ದರು.

ರಾಬಿನ್ಸ್ ಉಳಿದಿದ್ದರೂ ತಂಡ ಹೀಗೇ ಏಳುತ್ತಿತ್ತೇ? ಏಳುತ್ತಿತ್ತು ಎನ್ನುವವರಿಗೆ ಡಚ್ ಲೀಗಿನ ಲೆಕ್ಕವಿದೆ, ಇಲ್ಲ ಎನ್ನುವವರಿಗೆ ಐದನೇ ಸ್ಥಾನವಿದೆ. ಎರಡನ್ನೂ ಒಂದೇ ಮನಸ್ಸಿನಲ್ಲಿ ಇಟ್ಟುಕೊಂಡ ಕವೆಂಟ್ರಿಯವರೂ ಇದ್ದಾರೆ. ಹೊಸಬರ ಗೆಲುವಿಗೆ ಕೂಗುವುದು, ಹಳಬರ ಹೆಸರು ಬಂದರೆ ಎದ್ದು ನಿಂತು ಚಪ್ಪಾಳೆ ತಟ್ಟುವುದು ಅವರಿಗೆ ಬೇರೆ ಬೇರೆ ಅಲ್ಲ.

ರಾಬಿನ್ಸ್ ಹೆಚ್ಚು ದಿನ ಮನೆಯಲ್ಲಿ ಕೂರಲಿಲ್ಲ. 2025ರ ಜನವರಿ 1ರಂದು ಸ್ಟೋಕ್ ಸಿಟಿಗೆ ಹೋದರು. ಆ ಸೀಸನ್ನಿನಲ್ಲಿ ಆಗಲೇ ಇಬ್ಬರನ್ನು ಕಳಿಸಿದ್ದ ಕ್ಲಬ್ಬಿಗೆ ಅವರು ಮೂರನೆಯವರು. ಈ ಸಲ 'ಹೊಸಬರು ಬರಲಿ' ಎಂದು ಕೂಗಿದ ಊರಿಗೆ ಬಂದ ಹೊಸಬರು ಅವರೇ. ನವೆಂಬರಿನಲ್ಲಿ ಕವೆಂಟ್ರಿಯಲ್ಲಿ ಅವರ ಕೊನೆಯ ಪಂದ್ಯವನ್ನು ಗೆದ್ದಿದ್ದ ತಂಡ ಡರ್ಬಿ ಕೌಂಟಿ. ಮೇ 3ರಂದು, ಲೀಗಿನ ಕೊನೆಯ ದಿನ, ಸ್ಟೋಕ್ ಹೋಗಿ ನಿಂತದ್ದು ಅದೇ ಡರ್ಬಿಯ ಮೈದಾನದಲ್ಲಿ, ಕೆಳಗಿನ ಲೀಗಿನ ಭಯವನ್ನು ಬೆನ್ನಿಗೆ ಕಟ್ಟಿಕೊಂಡು. ತೊಂಬತ್ತು ನಿಮಿಷದಲ್ಲಿ ಯಾರೂ ಗೋಲು ಹೊಡೆಯಲಿಲ್ಲ. 0-0. ಡರ್ಬಿ ಉಳಿಯಿತು, ಸ್ಟೋಕ್ ಕೂಡ 18ನೇ ಸ್ಥಾನದಲ್ಲಿ ಉಳಿಯಿತು.